ಅರವತ್ತೊಂದು ಕೊಂಡಿ

"ಅಜ್ಜಾರ, ಒಂದನೇ ನಂಬರ್ ಬಂದೀವ್ರಿ!"

ಶಿಷ್ಯ ನಿರುಪಾದಿ, ಆಶ್ರಮದ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಹೊಳೆದಂಡೆಗೆ ಓಡಿಬಂದ. ಕೈಯಲ್ಲಿ ಮೊಬೈಲು.

ಕಲ್ಲಯ್ಯಜ್ಜಾರು ಬಂಡೆಯ ಮೇಲೆ ಕೂತು ಒಗೆದ ಧೋತರ ಹಿಂಡುತ್ತಿದ್ದರು. ತಲೆ ಎತ್ತಲಿಲ್ಲ.

"ಯಾವುದರಾಗ?"

"ಸರ್ಚಿನಾಗ್ರಿ. ಚೇಳು ಕಡಿತ ಅಂತ ಯಾರು ಹುಡುಕಿದ್ರೂ ನಮ್ಮ ಪುಟಾನ ಎಲ್ಲಾರಕಿಂತ ಮ್ಯಾಲ ಬರಾಕತ್ತೈತಿ."

"ಮೊದಲ ಎಲ್ಲಿತ್ತು?"

"ನಲವತ್ತಮೂರನೇದು."

ಅಜ್ಜಾರು ಧೋತರವನ್ನು ಒಮ್ಮೆ ಝಾಡಿಸಿ ಬಂಡೆಯ ಮೇಲೆ ಹರವಿದರು. ಅದರ ನಾಲ್ಕು ಮೂಲೆಗೂ ಒಂದೊಂದು ಕಲ್ಲು ಇಟ್ಟರು.

ಆ ಪುಟ ಅವರೇ ಹೇಳಿ ಮಾಡಿಸಿದ್ದು. ಮೂವತ್ತು ವರ್ಷ ಸುತ್ತಲಿನ ಊರುಗಳಿಗೆಲ್ಲ ಅವರು ಚೇಳಿನಜ್ಜ. ಯಾರಿಗೆ ಚೇಳು ಕಡಿದರೂ ಇಲ್ಲಿಗೇ ಹೊತ್ತು ತರುತ್ತಿದ್ದರು. ಅಜ್ಜಾರು ಬೇರು ತೇಯ್ದು ಹಚ್ಚುತ್ತಿದ್ದರು. ಹೆಚ್ಚಿನವರು ಎದ್ದು ನಡೆದು ಹೋಗುತ್ತಿದ್ದರು.

ಹನ್ನೊಂದು ವರ್ಷದ ಹಿಂದೆ ಕುರುಬರ ಮನೆಯ ಒಂದು ಮಗು ಇದೇ ಬಂಡೆಯ ಮೇಲೆ, ಕಾಲಿಗೆ ಹಚ್ಚಿದ ಬೇರಿನ ಗಂಧ ಆರುವ ಮೊದಲೇ ಸತ್ತಿತು. ಆಸ್ಪತ್ರೆಯ ಡಾಕ್ಟರು ಅಜ್ಜಾರನ್ನು ಕೂಡಿಸಿಕೊಂಡು ಹೇಳಿದರು: ಎದ್ದು ಹೋದವರು ನಿಮ್ಮ ಬೇರಿನಿಂದ ಎದ್ದವರಲ್ಲ. ಅವರಿಗೆ ಏರಿದ್ದ ವಿಷವೇ ಕಡಿಮೆ.

ಅಂದು ಸಂಜೆಯೇ ಅಜ್ಜಾರು ತೇಯುವ ಕಲ್ಲನ್ನು ಹೊಳೆಗೆ ಎಸೆದರು.

ಆದರೂ ಮಂದಿ ಬರುವುದು ನಿಲ್ಲಲಿಲ್ಲ. ಮೂರು ವರ್ಷದ ಹಿಂದೆ ನಿರುಪಾದಿ ಶಿಷ್ಯನಾಗಿ ಬಂದ. ಪಟ್ಟಣದಲ್ಲಿ ಕಂಪ್ಯೂಟರ್ ಕೆಲಸ ಬಲ್ಲ ಹುಡುಗ ಎಂದು ತಿಳಿದ ಮೇಲೆ ಅಜ್ಜಾರು ಅವನನ್ನು ಕರೆದು, ನಾಲ್ಕು ಮಂದಿಗೆ ಕಾಣುವಲ್ಲಿ ಒಂದು ಮಾತು ಬರೆ ಎಂದರು. ಅವರು ಹೇಳಿದರು, ಅವನು ಬರೆದುಕೊಂಡ.

ಚೇಳು ಕಡಿದರೆ ಇಲ್ಲಿಗೆ ಬರಬೇಡಿ. ನನ್ನಲ್ಲಿ ಮದ್ದಿಲ್ಲ. ಆಸ್ಪತ್ರೆಗೆ ಹೋಗಿ.

ಇಷ್ಟೇ ಆ ಪುಟ. ಕೆಳಗೆ ಆಶ್ರಮದ ಹೆಸರು, ಊರು, ನಕಾಶೆ.

ಒಳ್ಳೆಯ ಮಾತು. ಆದರೆ ನಲವತ್ತಮೂರನೆಯ ಜಾಗದಲ್ಲಿ ಕೂತಿತ್ತು. ಅದಕ್ಕಿಂತ ಮೇಲೆ ಈರುಳ್ಳಿ ಹಚ್ಚಿ ಎನ್ನುವವರು, ಹುಣಸೆಬೀಜ ಕಟ್ಟಿ ಎನ್ನುವವರು, ಫೋನಿನಲ್ಲೇ ಮಂತ್ರ ಹಾಕುವವರು. ನಿರುಪಾದಿಗೆ ಅದನ್ನು ಸಹಿಸಲಾಗಲಿಲ್ಲ. ಗುರುವಿನ ಮಾತು ನಲವತ್ತೆರಡು ಸುಳ್ಳುಗಳ ಕೆಳಗೆ ಬಿದ್ದಿದೆ ಎಂದು ಅವನಿಗೆ ಊಟ ರುಚಿಸುತ್ತಿರಲಿಲ್ಲ.

"ನಿಂತಲ್ಲೇ ನಿಂತ ಪುಟ ಮ್ಯಾಲ ಹೆಂಗ ಏರಿತು?" ಎಂದರು ಅಜ್ಜಾರು.

"ಕೊಂಡಿ ಹಾಕಿಸೀನ್ರಿ."

"ಯಾವ ಕೊಂಡಿ?"

ನಿರುಪಾದಿ ಅವರ ಪಕ್ಕದಲ್ಲಿ ಕೂತ. ಹೇಳಲು ಅವನಿಗೆ ಎಲ್ಲಿಲ್ಲದ ಹುರುಪು.

"ಯಂತ್ರಕ್ಕ ಕಣ್ಣಿಲ್ರಿ ಅಜ್ಜಾರ. ಯಾವ ಪುಟ ಖರೆ, ಯಾವ ಪುಟ ಸುಳ್ಳು ಅಂತ ಅದಕ್ಕ ತಿಳಿಯಂಗಿಲ್ಲ. ಬ್ಯಾರೆ ಪುಟದಾವ್ರು ಯಾರ ಕಡೆ ಬೆರಳು ಮಾಡಿ ತೋರಸ್ತಾರ ಅಂತ ನೋಡತೈತಿ. ಬೆರಳು ಹೆಚ್ಚಾದಂಗ ಪುಟ ಮ್ಯಾಲ ಏರತೈತಿ. ಆ ಬೆರಳಿಗೇ ಕೊಂಡಿ ಅಂತೀವಿ."

"ಎಷ್ಟು ಬೆರಳು?"

"ಅರವತ್ತೊಂದು."

"ಅರವತ್ತೊಂದು ಮಂದಿ ನನ್ನ ಮಾತು ಓದಿ, ಚಲೋ ಐತಿ ಅಂತ ತೋರಿಸ್ಯಾರ?"

ನಿರುಪಾದಿ ತಲೆ ಕೆರೆದುಕೊಂಡ.

"ಓದಿಲ್ರಿ. ನಾನ ಒಬ್ಬೊಬ್ಬರಿಗೂ ಬರದು ಕೇಳೀನಿ. ನೀವು ನಮ್ಮನ್ನ ತೋರಸ್ರಿ, ನಾವು ನಿಮ್ಮನ್ನ ತೋರಸ್ತೀವಿ ಅಂತ."

"ನಾವು ಯಾರನ್ನ ತೋರಿಸೀವಿ?"

ನಿರುಪಾದಿ ಮೊಬೈಲಿನಲ್ಲಿ ಪುಟವನ್ನು ಕೆಳಗೆ ಸರಿಸಿ ಅವರ ಕಣ್ಣಿನ ಹತ್ತಿರ ಹಿಡಿದ. ಅಜ್ಜಾರು ಕನ್ನಡಕ ಹಾಕಿಕೊಂಡು ಒಂದೊಂದಾಗಿ ಓದಿದರು. ಬೋರ್‌ವೆಲ್ ಕೊರೆಯುವವರು. ಒಂದು ಲಾಡ್ಜು. ಒಬ್ಬ ಜ್ಯೋತಿಷಿ. ಒಂದು ಸೀರೆ ಅಂಗಡಿ.

"ಈ ಸೀರೆ ಅಂಗಡಿ ನನಗ ಗೊತ್ತೈತೇನು?"

"ಇಲ್ರಿ."

"ಸೀರಿ ಚಲೋ ಅದಾವಂತ ಹೇಳೀನಿ. ಯಾವಾಗ ಉಟ್ಟಿದ್ನಿ?"

ನಿರುಪಾದಿ ನಕ್ಕುಬಿಟ್ಟ. ಅಜ್ಜಾರು ನಗಲಿಲ್ಲ. ಕೋಲಿನ ತುದಿಯಿಂದ ಬಂಡೆಯ ಬುಡದಲ್ಲಿದ್ದ ಒಂದು ಚಪ್ಪಟೆ ಕಲ್ಲನ್ನು ಮೀಟಿ ಮಗುಚಿದರು. ಅಡಿಯಲ್ಲಿ ಒಂದು ಕೆಂಪು ಚೇಳು. ಬಿಸಿಲು ಬಿದ್ದೊಡನೆ ಮೈ ಸೆಟೆಸಿ ನಿಂತಿತು.

"ಇದರ ಕೊಂಡಿ ಎಲ್ಲೈತಿ?"

"ಬಾಲದಾಗ್ರಿ."

"ಮುಂದೋ ಹಿಂದೋ?"

"ಹಿಂದ."

ಅಜ್ಜಾರು ಕೋಲನ್ನು ಅದರ ಬಾಯಿಯ ಮುಂದೆ ಹಿಡಿದರು. ಬಾಲ ಬೆನ್ನ ಮೇಲಿಂದ ಹಾದು ಬಂದು ಕೋಲಿಗೆ ಟಕ್ ಎಂದು ಬಡಿಯಿತು.

"ಬಡದದ್ದು ಎಲ್ಲಿ?"

"ಮುಂದ."

ಅಜ್ಜಾರು ಕಲ್ಲನ್ನು ಮೊದಲಿನಂತೆ ಮುಚ್ಚಿದರು.

ನಿರುಪಾದಿ ಕಾದ. ಅಜ್ಜಾರು ಒಂದೇ ಮಾತು ಕೇಳಿದರು.

"ಆ ಅರವತ್ತೊಂದು ಮಂದಿ ಏನಂತ ಹೇಳಿ ತೋರಸ್ತಾರ?"

"ಅದನ್ನೂ ನಾನ ಬರದು ಕೊಟ್ಟೀನ್ರಿ. ಮಂದಿ ಹೆಂಗ ಹುಡುಕ್ತಾರ ಅಂತ ನೋಡಿ, ಅದ ಮಾತಿನಾಗ..."

ಮೇಲೆ ರಸ್ತೆಯಲ್ಲಿ ಗಾಡಿಯ ಹಾರ್ನು ಕೇಳಿಸಿತು. ಒಂದೇ ಸಮನೆ, ನಿಲ್ಲದೆ.

ಗಾಡಿ ನಿಲ್ಲುವ ಮೊದಲೇ ಹೆಂಗಸೊಬ್ಬಳು ಧುಮುಕಿದಳು. ತೋಳಲ್ಲಿ ಐದಾರು ವರ್ಷದ ಹುಡುಗಿ. ಹುಡುಗಿಯ ಫ್ರಾಕು ಮೈಗೆ ಅಂಟಿಕೊಂಡಿತ್ತು, ನೀರಿನಲ್ಲಿ ಅದ್ದಿ ತೆಗೆದ ಹಾಗೆ. ಅದು ಬೆವರು.

"ಅಜ್ಜಾರು ಯಾರ್ರಿ? ಚೇಳಿನಜ್ಜಾರು?"

ಅಜ್ಜಾರು ಆಗಲೇ ಮೆಟ್ಟಿಲೇರಿ ಬಂದಿದ್ದರು.

"ಎಷ್ಟು ಹೊತ್ತಾತು ಕಡದು?"

"ಎರಡು ತಾಸು. ಗಾಡಿ ಸಿಗೋದ್ರಾಗ ಒಂದು ತಾಸು ಹೋತ್ರಿ. ಬಚ್ಚಲದಾಗ ಕಟಿಗಿ ತಗೊಳ್ಳಾಕ ಹೋಗಿತ್ತು. ಇಂಚರಾ, ಕಣ್ಣ ತಗಿ ಪುಟ್ಟಿ, ಅಜ್ಜಾರು ಬಂದ್ರು ನೋಡು. ಮದ್ದು ಕೊಡ್ರಿ, ಲಗೂನ ಕೊಡ್ರಿ!"

ಹುಡುಗಿಯ ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಅಜ್ಜಾರು ಅದರ ಪಾದ ಮುಟ್ಟಿ ನೋಡಿದರು. ಕೈಯನ್ನು ತಟ್ಟನೆ ಹಿಂದೆ ತೆಗೆದರು.

"ಗಾಡಿ ತಿರುಗಸು," ಎಂದು ಓಡಿಸುವವನಿಗೆ ಕೂಗಿದರು. "ಆಸ್ಪತ್ರಿಗೆ. ಇಲ್ಲಿ ಮದ್ದಿಲ್ಲ."

ಹೆಂಗಸು ನಿಂತಲ್ಲೇ ನಿಂತಳು.

"ಇಲ್ಲಂದ್ರ?"

"ನನ್ನ ಹಂತ್ಯಾಕ ಮದ್ದಿಲ್ಲ ಯವ್ವಾ. ಗಾಡಿ ಹತ್ತು."

"ಐತ್ರಿ! ಇಲ್ಲಿ ಬರದೈತ್ರಿ! ಮೊದಲನೇದ ನಿಮ್ಮದು ಬಂದೈತಿ!"

ಅವಳು ಒಂದು ಕೈಯಲ್ಲಿ ಮಗುವನ್ನು ಎದೆಗೊತ್ತಿ ಇನ್ನೊಂದು ಕೈಯಿಂದ ಮೊಬೈಲನ್ನು ನಿರುಪಾದಿಯ ಮುಖಕ್ಕೆ ಹಿಡಿದಳು. ಅವನು ನೋಡಿದ.

ಪಟ್ಟಿಯ ಮೇಲ್ತುದಿಯಲ್ಲಿ, ದಪ್ಪ ಅಕ್ಷರದಲ್ಲಿ: ಚೇಳು ಕಡಿತಕ್ಕೆ ಅಜ್ಜಾರ ಮದ್ದು ಇಲ್ಲಿದೆ.

ಅದರ ಕೆಳಗೆ ಆಶ್ರಮದ ಹೆಸರು. ಪಕ್ಕದಲ್ಲಿ ನಕಾಶೆ. ದಾರಿ ತೋರಿಸುವ ನೀಲಿ ಗೆರೆ.

ಅವನದೇ ಮಾತು. ಅರವತ್ತೊಂದು ಮಂದಿಗೆ ಅವನೇ ಬರೆದುಕೊಟ್ಟದ್ದು. ಮಂದಿ ಮದ್ದು ಎಂದು ಹುಡುಕುತ್ತಾರೆ, ಆಸ್ಪತ್ರೆಗೆ ಹೋಗಿ ಎಂದು ಯಾರೂ ಹುಡುಕುವುದಿಲ್ಲ. ಮದ್ದು ಎಂದು ಕರೆದರೆ ಬರುತ್ತಾರೆ, ಬಂದವರು ಪುಟ ತೆರೆದು ಓದುತ್ತಾರೆ ಎಂದು ಅವನ ಲೆಕ್ಕ.

ಅವಳು ಪುಟ ತೆರೆದಿರಲಿಲ್ಲ. ಮಗು ಚೀರುತ್ತಿರುವಾಗ ಯಾರು ತೆರೆಯುತ್ತಾರೆ? ನೀಲಿ ಗೆರೆ ಒತ್ತಿದ್ದಳು.

ಆದರೆ ಪುಟದ ತಲೆಬರಹ ಅದಲ್ಲವಲ್ಲ ಎಂದು ನಿರುಪಾದಿಯ ಬುದ್ಧಿ ತಡಕಾಡಿತು. ತಲೆಬರಹದಲ್ಲಿ ನಾನೇನು ಬರೆದಿದ್ದೆ? ನೆನಪಾಯಿತು. ಮುಖಪುಟ ಎಂದು ಬರೆದು ಬಿಟ್ಟಿದ್ದ. ಅದರಿಂದ ಯಂತ್ರಕ್ಕೆ ಏನೂ ತಿಳಿಯಲಿಲ್ಲ. ಅರವತ್ತೊಂದು ಕಡೆ ಒಂದೇ ಮಾತು ಇತ್ತು. ಅದನ್ನೇ ಎತ್ತಿ ತಲೆಯ ಮೇಲೆ ಇಟ್ಟಿತು.

"ಹತ್ತೋ!" ಎಂದು ಅಜ್ಜಾರು ಅವನ ಬೆನ್ನಿಗೆ ಗುದ್ದಿದರು.

ಗಾಡಿ ಓಡಿಸುತ್ತಿದ್ದವನು ಹೆಂಗಸಿನ ತಮ್ಮ, ಗವಿಸಿದ್ಧ. ಅಜ್ಜಾರು ಅವನ ಪಕ್ಕದಲ್ಲಿ ಕೂತರು. ನಿರುಪಾದಿ ಹಿಂದೆ, ಹುಡುಗಿಯ ಕಾಲುಗಳನ್ನು ತೊಡೆಯ ಮೇಲಿಟ್ಟುಕೊಂಡ. ವೈಶಾಖದ ಬಿಸಿಲಿನಲ್ಲಿ ಆ ಕಾಲುಗಳು ಮಣ್ಣಿನ ಕೊಡದಂತೆ ತಣ್ಣಗಿದ್ದವು.

"ಆಸ್ಪತ್ರಿ ಎಷ್ಟು ದೂರ ಅಕ್ಕಾ?" ಎಂದು ಗವಿಸಿದ್ಧ ಕೇಳಿದ. ಅವನಿಗೆ ಗೊತ್ತಿತ್ತು. ಏನಾದರೂ ಮಾತಾಡಬೇಕಿತ್ತು, ಕೇಳಿದ.

"ಕ್ರಾಸಿನಿಂದ ಎಡಕ್ಕ ಐದು ಕಿಲೋಮೀಟರು," ಎಂದಳು ಅವಳು. ಆಮೇಲೆ ತನಗೆ ತಾನೇ ಎಂಬಂತೆ, "ನಾವು ಬಲಕ್ಕ ಹೊಳ್ಳಿದ್ವಿ."

ಕ್ರಾಸಿನಿಂದ ಆಶ್ರಮಕ್ಕೆ ಹದಿನೆಂಟು ಕಿಲೋಮೀಟರು. ಅರ್ಧ ದಾರಿ ಜಲ್ಲಿ ಕಿತ್ತುಹೋಗಿದೆ.

ದಾರಿಯುದ್ದಕ್ಕೂ ಹುಡುಗಿಯ ಉಸಿರು ಮಾತ್ರ ಕೇಳಿಸುತ್ತಿತ್ತು, ನೀರು ತುಂಬಿದ ಗಿಂಡಿಯಲ್ಲಿ ಊದಿದ ಹಾಗೆ.

ಆಸ್ಪತ್ರೆಯಲ್ಲಿ ಡಾಕ್ಟರಬಾಯಿ ಓಡಿಬಂದು ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಸೂಜಿ, ಸಲಾಯಿನು, ಆಕ್ಸಿಜನ್. ಬಾಗಿಲು ಮುಚ್ಚುವ ಮೊದಲು ಒಂದೇ ಮಾತು ಕೇಳಿದಳು.

"ಇಷ್ಟೊತ್ತು ಎಲ್ಲಿದ್ರಿ?"

ಹೊರಗೆ ಬೆಂಚಿನ ಮೇಲೆ ಆ ತಾಯಿ, ಅವಳ ತಮ್ಮ, ಅಜ್ಜಾರು, ನಿರುಪಾದಿ. ಅವಳ ಹೆಸರು ನೀಲಾಂಬಿಕಾ. ಊರಿನ ಶಾಲೆಯಲ್ಲಿ ಟೀಚರು. ಗಂಡ ಮಿಲಿಟರಿಯಲ್ಲಿದ್ದ, ಗಡಿಯಲ್ಲಿ.

ಅವಳು ಗೋಡೆ ನೋಡುತ್ತ ಹೇಳಿದಳು.

"ನಮ್ಮ ಅತ್ತಿ ಆಸ್ಪತ್ರಿಗೆ ಒಯ್ಯೋಣು ಅಂತ ಒಂದ ಸವನ ಬಡಕೊಂಡ್ಳು. ಆಕಿಗೆ ಓದಾಕ ಬರಂಗಿಲ್ಲ. ನಿನಗೇನ ತಿಳೀತೈತಿ, ಸುಮ್ಮಕಿರು ಅಂದ್ನಿ. ನನಗೂ ಓದಾಕ ಬರದಿದ್ರ ಸೀದಾ ಇಲ್ಲಿಗೇ ಬರತಿದ್ನಿ."

ನಿರುಪಾದಿ ಎದ್ದು ನಿಂತ.

"ಅಕ್ಕಾರ, ಅದನ್ನ ಬರದಾವ ನಾನು."

ಅವಳಿಗೆ ಅರ್ಥವಾಗಲಿಲ್ಲ.

"ಯಾವುದನ್ನ?"

"ಮದ್ದು ಇಲ್ಲಿದೆ ಅಂತ."

"ಮದ್ದು ಇಲ್ಲಂತ ನಿಮಗ ಗೊತ್ತಿರಲಿಲ್ಲೇನು?"

"ಗೊತ್ತಿತ್ತು."

ಗವಿಸಿದ್ಧ ಎದ್ದ. ನಿರುಪಾದಿ ಕಣ್ಣು ಮುಚ್ಚಿಕೊಂಡು ಏಟಿಗೆ ಕಾದ. ಏಟು ಬೀಳಲಿಲ್ಲ. ನೀಲಾಂಬಿಕಾ ತಮ್ಮನ ಅಂಗಿ ಹಿಡಿದು ಕೂಡಿಸಿದ್ದಳು. ಅವಳು ನಿರುಪಾದಿಯನ್ನೇ ನೋಡುತ್ತಿದ್ದಳು. ಸಿಟ್ಟಿನಿಂದಲ್ಲ. ತಪ್ಪು ಬರೆದ ಹುಡುಗನ ಪಾಟಿ ನೋಡುತ್ತ, ಇವನು ಹೀಗೇಕೆ ಬರೆದ ಎಂದು ತಿಳಿಯದೆ ನಿಂತ ಟೀಚರಿನ ಹಾಗೆ.

"ಮತ್ತ ಯಾಕ ಬರದ್ರಿ?"

ಅವನು ಬಾಯಿ ತೆರೆದ. ಒಂದನೇ ನಂಬರ್ ಬರಲಿ ಎಂಬ ಮಾತು ನಾಲಿಗೆಯವರೆಗೆ ಬಂತು. ಬಾಯಿ ಮುಚ್ಚಿಕೊಂಡ.

ಇಂಚರಾ ಮರುದಿನ ಬೆಳಿಗ್ಗೆ ಏಳೂವರೆಗೆ ತೀರಿಹೋಯಿತು.

ಆಶ್ರಮಕ್ಕೆ ಮರಳಿದ ಮೇಲೆ ನಿರುಪಾದಿ ನಿಂತಕಾಲಿನಲ್ಲೇ ಮೊಬೈಲು ತೆಗೆದ.

"ಪುಟಾನ ಅಳಿಸಿಬಿಡ್ತೀನ್ರಿ."

"ಅಳಿಸಿದ್ರ ಆ ಕೊಂಡಿ ಹೋಗತಾವೇನು?"

ನಿರುಪಾದಿ ಯೋಚಿಸಿದ.

"ಇಲ್ರಿ. ಅವು ಅವರವರ ಪುಟದಾಗ ಇರತಾವ."

"ಅರವತ್ತೊಂದು ಬೆರಳು ಈ ಕಡೆನ ತೋರಸ್ತಿರತಾವ. ಬರಬ್ಯಾಡ್ರಿ ಅನ್ನಾಕ ಒಬ್ಬಾವ ಇದ್ದ. ಅವನೂ ಇರಂಗಿಲ್ಲ."

ನಿರುಪಾದಿ ಕೂತುಬಿಟ್ಟ.

ಅಳಿಸಲಿಲ್ಲ. ಮುಖಪುಟ ಎಂದಿದ್ದನ್ನು ಕಿತ್ತು, ಅಜ್ಜಾರ ಮೊದಲ ಮಾತನ್ನೇ ತಲೆಬರಹ ಮಾಡಿದ. ಸೀರೆ ಅಂಗಡಿ, ಲಾಡ್ಜು, ಜ್ಯೋತಿಷಿ, ಎಲ್ಲವನ್ನೂ ಕೆಳಗಿಂದ ತೆಗೆದ. ನಕಾಶೆ ತೆಗೆದ.

"ಇನ್ನ ಸರಿಯಾತೇನು?"

"ಇಲ್ರಿ. ಯಂತ್ರ ಮತ್ತ ಬಂದು ಓದಬೇಕು. ಯಾವಾಗ ಬರತೈತೋ ಹೇಳಾಕಾಗಂಗಿಲ್ಲ. ಬಂದ್ರೂ, ಅರವತ್ತೊಂದು ಮಂದಿ ಬ್ಯಾರೆ ಹೇಳತಿದ್ರ, ನಮ್ಮ ಒಂದು ಮಾತು ಕೇಳತೈತೋ ಇಲ್ಲೋ."

"ಅವರಿಗೆ ಹೇಳಿ ಬಿಚ್ಚಸು."

"ಎಷ್ಟು ದಿನ ಹಿಡೀತೈತೋ ಏನೋ. ಅಲ್ಲೀತನಕ ಬರಾವ್ರು ಬರತಿರತಾರಲ್ರಿ?"

ಅಜ್ಜಾರು ಪಡಸಾಲೆಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡರು. ಬಿಸಿಲಿಗೆ ಅದೇ ಛತ್ರಿಯಾಯಿತು. ಹಾಗೇ ನಡೆಯುತ್ತ ಹೊರಟರು.

"ಎಲ್ಲಿಗ್ರಿ ಅಜ್ಜಾರ?"

"ಕ್ರಾಸಿಗೆ."

ಅಂದಿನಿಂದ ಎಪ್ಪತ್ತೆಂಟು ವರ್ಷದ ಮುದುಕ ಕ್ರಾಸಿನಲ್ಲಿ ಕೂತರು. ಎಡಕ್ಕೆ ಆಸ್ಪತ್ರೆಯ ದಾರಿ, ಬಲಕ್ಕೆ ಆಶ್ರಮದ ದಾರಿ. ಕುರ್ಚಿ ಬಲದಾರಿಯ ನಟ್ಟನಡುವೆ. ಮಲಗುವುದು ಅಲ್ಲೇ ಪಂಕ್ಚರ್ ಅಂಗಡಿಯ ಕಟ್ಟೆಯ ಮೇಲೆ. ಪಂಕ್ಚರ್ ಅಂಗಡಿಯ ಮೌಲಾಸಾಬ್ ಮನೆಯಿಂದ ರೊಟ್ಟಿ ತಂದುಕೊಡುತ್ತಿದ್ದ.

"ಅಜ್ಜಾರ, ಆಶ್ರಮದಾಗ ಮಂದಿ ನಿಮ್ಮನ್ನ ಹುಡುಕಿಕೊಂಡು ಬರತಿದ್ರು. ಈಗ ನೀವ ಮಂದಿನ್ನ ಹುಡುಕಿಕೊಂಡು ಬಂದೀರಿ," ಎಂದು ಮೌಲಾಸಾಬ್ ಚೇಷ್ಟೆ ಮಾಡಿದ.

"ರೊಟ್ಟಿ ಬಿರುಸು ಆಗೈತಿ," ಎಂದರು ಅಜ್ಜಾರು.

ಎರಡನೆಯ ದಿನ ಒಂದು ಆಟೋ ಬಂತು.

"ಚೇಳಿನಜ್ಜಾರ ಆಶ್ರಮ ಇದ ದಾರಿನ?"

"ಚೇಳಿನಜ್ಜ ನಾನ. ಎಡಕ್ಕ ಹೋಗು."

ಆಟೋ ಎಡಕ್ಕೆ ಹೋಯಿತು.

ಐದನೆಯ ದಿನ ಒಂದು ಜೀಪು ಬಂತು. ಒಳಗೆ ಒಬ್ಬ ತರುಣ, ಕೈ ಹಿಡಿದುಕೊಂಡು ನರಳುತ್ತಿದ್ದ. ಜೊತೆಯಲ್ಲಿ ನಾಲ್ಕು ಜನ. ಅಂದು, ಬರೀ ಕಾಗದ ಬರೆದರೆ ಸಾಲುತ್ತಿಲ್ಲ, ಏನು ಮಾಡಲಿ ಎಂದು ಕೇಳಲು ಬಂದಿದ್ದ ನಿರುಪಾದಿಯೂ ಅಲ್ಲೇ ಇದ್ದ.

"ಎಡಕ್ಕ ಹೋಗ್ರಿ," ಎಂದರು ಅಜ್ಜಾರು.

"ಏ ಮುದುಕಾ, ಸರಿ ಅತ್ತಾಗ. ಮೊಬೈಲಿನಾಗ ಈ ಕಡೆ ತೋರಸತೈತಿ."

"ಸುಳ್ಳು ತೋರಸತೈತಿ."

"ನೀ ಖರೆ, ಅದು ಸುಳ್ಳು? ಯಾರೋ ಆಸ್ಪತ್ರಿಯಾವ್ರು ಈ ಹುಚ್ಚನ್ನ ಕೂಡಿಸಿ ಹೋಗ್ಯಾರ ನೋಡ್ರಲೇ."

ಒಬ್ಬ ಇಳಿದು ಕುರ್ಚಿಯನ್ನು ಎತ್ತಿ ಬದಿಗೆ ಎಸೆದ. ಜೀಪು ಬಲಕ್ಕೆ ತಿರುಗಿತು.

ಅಜ್ಜಾರು ರಸ್ತೆಯ ಮೇಲೆ ಅಡ್ಡ ಮಲಗಿಬಿಟ್ಟರು.

ನಿರುಪಾದಿ ಚೀರಿದ. ಬ್ರೇಕಿನ ಸದ್ದಿಗೆ ಮೌಲಾಸಾಬ್ ಹೊರಗೆ ಓಡಿಬಂದ. ಜೀಪಿನ ಮುಂದಿನ ಗಾಲಿ ಅಜ್ಜಾರ ಪಕ್ಕೆಯಿಂದ ಒಂದು ಗೇಣು ದೂರದಲ್ಲಿ ನಿಂತಿತ್ತು. ಬಿಳಿ ಧೋತರದ ಮೇಲೆ ಧೂಳು ನಿಧಾನಕ್ಕೆ ಇಳಿಯುತ್ತಿತ್ತು.

"ಹಾಯಿಸಿಕೊಂಡು ಹೋಗು," ಎಂದರು ಅಜ್ಜಾರು, ಮಲಗಿಕೊಂಡೇ.

ಓಡಿಸುವವನು ಜೀಪನ್ನು ಹಿಂದಕ್ಕೆ ತೆಗೆದು ಎಡಕ್ಕೆ ತಿರುಗಿಸಿದ.

ನಿರುಪಾದಿ ಗುರುವಿನ ಕೈ ಹಿಡಿದು ಎಬ್ಬಿಸಿದ.

"ಎಷ್ಟು ಬಿಚ್ಚಿದ್ವು?" ಎಂದು ಅಜ್ಜಾರು ಕೇಳಿದರು.

"ಹದಿನಾಲ್ಕು."

"ಹೋಗು ಮತ್ತ."

ಕಟ್ಟುವಾಗ ಇಪ್ಪತ್ತು ದಿನದ ಕೆಲಸವಾಗಿತ್ತು. ಬಿಚ್ಚುವಾಗ ನಿರುಪಾದಿಗೆ ನೀರಿಳಿಯಿತು. ಕೆಲವರು ಬರೆದ ದಿನವೇ ತೆಗೆದರು. ಕೆಲವರು ಉತ್ತರ ಕೊಡಲಿಲ್ಲ. ಜ್ಯೋತಿಷಿ ಒಳ್ಳೆಯ ಮುಹೂರ್ತ ನೋಡಿ ತೆಗೆಯುತ್ತೇನೆ ಎಂದ. ಒಬ್ಬ, ತನ್ನ ಪುಟ ಮಾಡಿಕೊಟ್ಟವನೇ ಊರು ಬಿಟ್ಟು ಹೋಗಿದ್ದಾನೆ, ಬೀಗದಕೈ ಅವನ ಹತ್ತಿರವಿದೆ ಎಂದ.

ಕಾಗದಕ್ಕೆ ಜಗ್ಗದವರಲ್ಲಿಗೆ ನಿರುಪಾದಿ ಬಸ್ಸು ಹತ್ತಿ ಹೋದ. ಸೀರೆ ಅಂಗಡಿಯವನು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಕೇಳಿದ.

"ನೀವ ಕೈಮುಗುದು ಹಾಕಿಸಿದ್ರಿ. ಈಗ ನೀವ ಕೈಮುಗುದು ತಗಸ್ತೀರಿ. ನಡುವ ಏನಾತು?"

"ಒಂದು ಮಗು ಸತ್ತಿತು."

ಅಂಗಡಿಯವನು ಕೈಯಲ್ಲಿದ್ದ ಸೀರೆಯನ್ನು ಮಡಿಚುವುದು ಮರೆತ.

"ನಮ್ಮ ಅಂಗಡಿ ಪುಟದಿಂದ?"

"ನನ್ನ ಮಾತಿನಿಂದ. ನಿಮ್ಮ ಬಾಯಾಗ ಇಟ್ಟಿದ್ನಿ."

ಅವನು ಅಲ್ಲೇ, ನಿರುಪಾದಿಯ ಕಣ್ಣೆದುರೇ ಕೊಂಡಿ ತೆಗೆದ. ಆಮೇಲೆ ನೀರು ತರಿಸಿ ಕುಡಿದ. ನಿರುಪಾದಿಗೂ ಕೊಟ್ಟ.

ಕೊಂಡಿ ಬಿಚ್ಚಿದಂತೆ ಪುಟ ಜಾರತೊಡಗಿತು. ಮೂರು. ಒಂಬತ್ತು. ಇಪ್ಪತ್ತಾರು. ಯಂತ್ರವೂ ಒಂದು ದಿನ ಬಂದು ಓದಿಹೋಯಿತು. ಮದ್ದು ಎನ್ನುವ ತಲೆಬರಹ ಹೋಯಿತು. ಪುಟ ಐವತ್ತನ್ನೂ ದಾಟಿ ಕೆಳಗಿಳಿಯಿತು. ಆದರೆ ಅದರ ಮೇಲೆ ಮತ್ತೆ ಈರುಳ್ಳಿಯವರು, ಹುಣಸೆಬೀಜದವರು ಬಂದು ಕೂತರು. ಆಶ್ರಮದ ಹೆಸರು ಒಮ್ಮೆ ಕಿವಿಗೆ ಬಿದ್ದವರು ಕೇಳಿಕೊಂಡು ಕ್ರಾಸಿಗೆ ಬರುವುದೂ ಪೂರ್ತಿ ನಿಲ್ಲಲಿಲ್ಲ.

ಅಜ್ಜಾರು ಕುರ್ಚಿಯಿಂದ ಏಳಲಿಲ್ಲ.

ಮೂವತ್ತೊಂಬತ್ತನೆಯ ದಿನ ಅರವತ್ತೊಂದನೆಯ ಕೊಂಡಿ ಬಿಚ್ಚಿತು. ಊರು ಬಿಟ್ಟವನನ್ನು ನಿರುಪಾದಿ ಹುಡುಕಿ ಹಿಡಿದಿದ್ದ.

ಮರುದಿನ ಬೆಳಿಗ್ಗೆ ಪುಟ ಎಷ್ಟು ಕೆಳಗಿದೆ ನೋಡೋಣ ಎಂದು ಮೊಬೈಲು ತೆಗೆದ. ಚೇಳು ಕಡಿತ ಎಂದು ಹೊಡೆದ.

ಮೊದಲನೆಯದೇ ಆಶ್ರಮ.

ಮೊಬೈಲು ಕಲ್ಲಿನ ಮೇಲೆ ಬಿತ್ತು. ಎತ್ತಿಕೊಳ್ಳಲು ಹೆದರಿಕೆಯಾಯಿತು. ಎಲ್ಲ ಬಿಚ್ಚಿದ್ದೆ. ಒಂದೊಂದನ್ನೂ ನೋಡಿ ಗೀಟು ಹೊಡೆದಿದ್ದೆ. ಮತ್ತೆ ಯಾರು ಕಟ್ಟಿದರು?

ತಲೆಬರಹ ಓದುವ ಧೈರ್ಯವೂ ಬರಲಿಲ್ಲ. ಮೊಬೈಲನ್ನು ಎತ್ತಿಕೊಂಡು ಕ್ರಾಸಿನ ಕಡೆಗೆ ಓಡಿದ. ಎರಡು ಮೈಲಿ ಓಡಿದ ಮೇಲೆ ಒಂದು ಟ್ರ್ಯಾಕ್ಟರು ಸಿಕ್ಕಿತು.

ಅಜ್ಜಾರು ಕುರ್ಚಿಯಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದರು.

"ಅಜ್ಜಾರ. ಮತ್ತ ಒಂದನೇ ನಂಬರ್."

ಅಜ್ಜಾರ ಕೈ ನಿಂತಿತು.

"ಏನಂತ ಬರದೈತಿ?"

"ಓದಿಲ್ರಿ."

"ಓದು."

ನಿರುಪಾದಿ ಒಡೆದ ಗಾಜಿನ ಮೇಲೆ ಬೆರಳಿಟ್ಟು ಓದಿದ.

"ಚೇಳು ಕಡಿದರೆ ಇಲ್ಲಿಗೆ ಬರಬೇಡಿ."

ಮತ್ತೊಮ್ಮೆ ಓದಿದ. ಅದೇ ಇತ್ತು.

"ಯಾರು ತೋರಿಸ್ಯಾರ ನೋಡು."

ನಿರುಪಾದಿ ಹುಡುಕಿದ. ಒಂದು ಶಾಲೆಯ ಪುಟ ಸಿಕ್ಕಿತು. ಊರ ಶಾಲೆ. ಮಕ್ಕಳು ಬರೆದ ಚಿತ್ರ, ಪರೀಕ್ಷೆಯ ವೇಳೆ, ಆಟದ ದಿನದ ಫೋಟೋ. ಅವುಗಳ ನಡುವೆ ಟೀಚರು ಬರೆದ ಮೂರು ಸಾಲು.

ಅವನು ಓದಲು ಹೋದ. ಮೊದಲ ಪದಕ್ಕೇ ನಿಂತ. ಮೌಲಾಸಾಬ್ ಮೊಬೈಲು ಇಸಿದುಕೊಂಡು ಜೋರಾಗಿ ಓದಿದ.

"ನನ್ನ ಮಗಳು ಇಂಚರಾಳನ್ನು ಈ ಆಶ್ರಮಕ್ಕೆ ಒಯ್ದೆ. ನೀವು ಒಯ್ಯಬೇಡಿ. ಅಜ್ಜಾರು ಹೇಳಿದ್ದನ್ನು ಇಲ್ಲಿ ಓದಿ."

ಇಲ್ಲಿ ಓದಿ ಎನ್ನುವ ಮಾತಿಗೆ ಕೊಂಡಿ ಇತ್ತು.

ಆ ಸಾಲುಗಳನ್ನು, ಕೊಂಡಿಯ ಸಮೇತ, ಪಕ್ಕದೂರಿನ ಶಾಲೆಯವರು ತಮ್ಮ ಪುಟದಲ್ಲಿ ತೋರಿಸಿದ್ದರು. ಅದನ್ನು ಮತ್ತೊಂದು ಶಾಲೆ. ಒಂದು ಹಾಲಿನ ಸಂಘ. ಆಸ್ಪತ್ರೆಯ ಒಬ್ಬ ನರ್ಸು. ಗಡಿಯಲ್ಲಿದ್ದ ಒಬ್ಬ ಸಿಪಾಯಿ. ನಿರುಪಾದಿ ಎಣಿಸುತ್ತ ಹೋದ. ಅರವತ್ತೊಂದು ದಾಟಿತು. ನೂರು ದಾಟಿತು. ಎಣಿಸುವುದನ್ನು ಬಿಟ್ಟ.

ಅಳುತ್ತಿದ್ದೇನೆ ಎಂದು ಅವನಿಗೆ ತಿಳಿದಿರಲಿಲ್ಲ.

"ಇವರಿಗೆಲ್ಲ ನೀ ಕೇಳಿದ್ದೇನು?" ಎಂದರು ಅಜ್ಜಾರು.

"ಇಲ್ರಿ."

"ಆಕಿಗೆ?"

"ಆಕಿಗೆ ಮುಖ ತೋರಸಾಕೂ ನನಗ ಆಗಿಲ್ರಿ."

ದೂರದಲ್ಲಿ ಒಂದು ಗಾಡಿ ಬರುತ್ತಿತ್ತು. ಅಜ್ಜಾರು ರೊಟ್ಟಿ ಕೆಳಗಿಟ್ಟು ಎದ್ದು ನಿಂತರು. ಗಾಡಿ ಕ್ರಾಸಿಗೆ ಬಂತು. ಒಳಗೆ ಒಬ್ಬ ಮುದುಕಿ ಕಾಲು ಹಿಡಿದುಕೊಂಡು ನರಳುತ್ತಿದ್ದಳು. ಓಡಿಸುವವನು ನಿಲ್ಲಿಸಲಿಲ್ಲ. ದಾರಿ ಕೇಳಲಿಲ್ಲ. ಅಜ್ಜಾರನ್ನು ನೋಡಲೂ ಇಲ್ಲ.

ಎಡಕ್ಕೆ ತಿರುಗಿ ಹೋದ.

ಧೂಳು ಇಳಿಯುವ ತನಕ ಅಜ್ಜಾರು ಅತ್ತಲೇ ನೋಡುತ್ತ ನಿಂತರು.

"ಹಂಗಾರ ಕುರ್ಚಿ ತಗೊಂಡು ನಡಿ," ಎಂದರು.